ಮಾಳಿಗೆಯ ಮಣ್ಣು ಇಳಿಸಿದ ದಿನ

ನಾನು ಚಿಕ್ಕವನಿದ್ದಾಗಲೇ ಅಂಜುಬುರುಕ. ಹಲ್ಲಿ ಲೊಚಗುಟ್ಟಿದರೂ ಏನೋ ಕೇಡು ಕಾದಿದೆ ಅನ್ನಿಸುತ್ತಿತ್ತು. ನಾನು ಅಂಜಿದ್ದೆಲ್ಲ ಸುಳ್ಳಾಗುತ್ತಿತ್ತು. ಯಾರೂ ಅಂಜದೇ ಇದ್ದದ್ದು ಮಾತ್ರ ಒಂದು ಸಲ ಖರೆಯಾಯಿತು.

ಉಣಕಲ್ಲಿನ ನಮ್ಮ ಮನೆಗೆ ಮಣ್ಣಿನ ಮಾಳಿಗೆ. ಸೋರಬಾರದೆಂದು ಪ್ರತಿ ಮಳೆಗಾಲಕ್ಕೆ ಮುಂಚೆ ಅಪ್ಪ ಅದರ ಮೇಲೆ ಹೊಸ ಮಣ್ಣು ಹೊರುತ್ತಿದ್ದ. ಮಣ್ಣು ದಪ್ಪಗಿದ್ದಷ್ಟೂ ಮನೆ ತಂಪು, ಮನೆತನ ಗಟ್ಟಿ ಅನ್ನುವುದು ಅವನ ನಂಬಿಕೆ. ಅಕ್ಕನಿಗೆ ಗಂಡು ನೋಡಲು ಲಾತೂರಿನ ಕಡೆ ಹೋದಾಗಲೂ ಅವನು ಮೊದಲು ನೋಡಿದ್ದು ಗೋಡೆ. "ಎತ್ತು ಹಾಯ್ದರೂ ಅಳ್ಳಾಡಂಗಿಲ್ಲ, ಅಂಥಾ ಕಲ್ಲಿನ ಗ್ವಾಡಿ! ಮ್ಯಾಲ ಮಣ್ಣಂತೂ ಕೇಳಬ್ಯಾಡ್ರಿ" ಎಂದು ಓಣಿಗೆಲ್ಲ ಹೇಳಿಕೊಂಡು ಬಂದ.

ಅಕ್ಕನನ್ನು ಆ ಮನೆಗೇ ಕೊಟ್ಟ. ಮುಂದೆ ಆ ಕಡೆ ಭೂಕಂಪವಾದಾಗ ನಮ್ಮಲ್ಲಿ ತಟ್ಟೆ ಬಟ್ಟಲು ಸಪ್ಪಳ ಮಾಡಿದವು, ಅಷ್ಟೇ. ಅಕ್ಕನ ಊರಿನಲ್ಲಿ ಆ ಗೋಡೆ, ಆ ಮಣ್ಣು ಎರಡೂ ಕೆಳಗೆ ಬಂದವು. ಅಕ್ಕನ ಗಂಡ ಹೋದ. ಎಳೆಗೂಸೂ ಹೋಯಿತು. ಅಪ್ಪ ಹೋಗಿ ಅಕ್ಕನೊಬ್ಬಳನ್ನೇ ಕರೆದುಕೊಂಡು ಬಂದ.

ಅವಳು ಮನೆಯೊಳಗೆ ಬರಲಿಲ್ಲ. ಅಂಗಳದ ಬೇವಿನ ಮರದ ಕೆಳಗೆ ಹೊರಸಿನ ಮೇಲೆ ಕೂತಳು. ಮಳೆ ಬಂದರೂ ಗೋಣಿಚೀಲ ಹೊದ್ದು ಅಲ್ಲೇ. ಜ್ವರ ಏರಿತು. ಅವ್ವ ಕೈ ಹಿಡಿದು ಎಳೆದರೆ ಹೊಸ್ತಿಲವರೆಗೆ ಬಂದು, ಮೇಲೆ ನೋಡಿ, ಹಿಂದೆ ಸರಿಯುತ್ತಿದ್ದಳು.

ಒಂದು ಬೆಳಿಗ್ಗೆ ಅಪ್ಪ ಗಂಜಿ ತಂದು ಅವಳ ಪಕ್ಕ ಕೂತ. ಅಕ್ಕ ಮೊದಲ ಸಲ ಬಾಯಿಬಿಟ್ಟಳು.

"ನೆಲ ಬರೇ ಅಳ್ಳಾಡಲಿಲ್ಲಪಾ. ಮೊರದಾಗ ಜ್ವಾಳ ಕೇರತಾರಲ್ಲ, ಹಂಗ ನಮ್ಮನ್ನ ಮ್ಯಾಲ ಹಾರಸ್ತು. ಏಳಾಕ ಬರಲಿಲ್ಲ. ಬಾಯಾಗೆಲ್ಲ ಮಣ್ಣು. ಕೂಸಿನ್ನ ಗ್ವಾಡಿ ಬುಡಕ ಮಲಗಿಸಿದ್ನಿ… ತಂಪ ಇರ್ತೈತಿ ಅಂತ."

ಅಪ್ಪ ಗಂಜಿಯ ಬಟ್ಟಲು ಕೆಳಗಿಟ್ಟು ಎದ್ದ. ಗುದ್ದಲಿ, ಬುಟ್ಟಿ ಹಿಡಿದು ಏಣಿ ಹತ್ತಿದ.

ಹಸಿಮಣ್ಣು ಧಪ್ ಧಪ್ ಎಂದು ಅಂಗಳಕ್ಕೆ ಬೀಳತೊಡಗಿತು. ಅಜ್ಜನ ಕಾಲದ ಮಣ್ಣು, ಹೋದ ವರ್ಷದ ಮಣ್ಣು, ಹುಲ್ಲಿನ ಬೇರು, ಕಳೆದುಹೋಗಿದ್ದ ನನ್ನ ಗೋಲಿ. ಅಪ್ಪನಿಗೆ ತಲೆ ಕೆಟ್ಟಿತೆಂದು ಅಂಜಿ ನಾನು ಬೇವಿನ ಮರದ ಹಿಂದೆ ಸರಿದೆ. ಪಕ್ಕದ ಮನೆಯ ಕಾಕಾ ಕೂಗಿದ: "ಮಂದಿ ಮಾಳಗಿಗೆ ಮಣ್ಣ ಏರಸ್ತಾರ, ನೀ ಇಳಸಾಕತ್ತಿಯಲ್ಲೋ! ಮಳಿ ಬಂದ್ರ ಮನ್ಯಾಗ ಈಜ ಹೊಡೀತಿ ಏನು?"

"ಹೊಡೀತೇನಿ ತಗೋ. ಮಗಳು ಒಳಗ ಬಂದ್ರ ಸಾಕು," ಎಂದ ಅಪ್ಪ, ಗುದ್ದಲಿ ನಿಲ್ಲಿಸದೆ.

ಕಾಕಾ ತನ್ನ ಮನೆಯೊಳಗೆ ಹೋದ. ಸ್ವಲ್ಪ ಹೊತ್ತಿಗೆ ತನ್ನ ಬುಟ್ಟಿ ತಂದು ತಾನೂ ಏಣಿ ಹತ್ತಿದ.

ಇಳಿಹೊತ್ತಿಗೆ ಮಣ್ಣಿನಡಿಯ ಹಲಗೆಗಳನ್ನೂ ಕಿತ್ತರು. ತೊಲೆಗಳ ನಡುವೆ ಆಕಾಶ ಕಂಡಿತು. ಒಲೆಯ ಮೇಲೆ ಹಿಂದೆಂದೂ ಬೀಳದ ಬಿಸಿಲು ಬಿತ್ತು. ಮೈಯೆಲ್ಲ ಮಣ್ಣಾದ ಅಪ್ಪ ಕೆಳಗಿಳಿದು, ಅಕ್ಕನನ್ನು ಕರೆಯದೆ, ಬಾಗಿಲು ಬಿಟ್ಟು ಪಕ್ಕಕ್ಕೆ ನಿಂತ. ಅಕ್ಕ ಎದ್ದು ಬಂದಳು. ಬಹಳ ಹೊತ್ತು ಮೇಲೆ ನೋಡಿದಳು. ಆಮೇಲೆ ಒಳಗೆ ಬಂದು, ಗೋಡೆಯಿಂದ ದೂರ, ನಡುಮನೆಯಲ್ಲಿ ಮಲಗಿದಳು.

ಮರುದಿನ ತಗಡು ಹೊದಿಸಿದೆವು. ಎಷ್ಟೋ ಬೇಸಿಗೆ ಅದರ ಕೆಳಗೆ ಬೆಂದೆವು. ಅಪ್ಪ ಮತ್ತೆಂದೂ ತಂಪಿನ ಮಾತೆತ್ತಲಿಲ್ಲ. ಕೆಲವು ವರ್ಷಗಳ ನಂತರ ಅಕ್ಕನಿಗೆ ಮತ್ತೊಂದು ಮದುವೆಯಾಯಿತು. ಆಗ ಅವನು ಮನೆ ನೋಡಲೇ ಇಲ್ಲ, ಹುಡುಗನನ್ನು ನೋಡಿದ.

ಆ ಅಕ್ಕನ ಮೊಮ್ಮಕ್ಕಳು ನೀವು; ನನಗೆ ಐವತ್ತು ತುಂಬುವ ಮೊದಲೇ ನನ್ನನ್ನು ಅಜ್ಜನನ್ನಾಗಿ ಮಾಡಿದವರು. ದೇಶಪಾಂಡೆ ನಗರದ ನಿಮ್ಮ ಮನೆಯಲ್ಲಿ ಮೇಲಿನ ಮಹಡಿಯವರು ಕುರ್ಚಿ ಎಳೆದರೆ ನಾನು ಹೊರಗೋಡಲು ಚಪ್ಪಲಿ ಹುಡುಕುತ್ತೇನೆ, ನೀವು ನಗುತ್ತೀರಿ. ನಗಿರಿ. ಆದರೆ ನೀವು ಹುಟ್ಟಿದಾಗ ನಿಮ್ಮ ಅಜ್ಜಿ ತೊಟ್ಟಿಲನ್ನು ಕೋಣೆಯ ನಟ್ಟನಡುವೆಯೇ ಇಡಿಸಿದ್ದಳು. ಓಡಾಡಲು ಅಡ್ಡವೆಂದು ನಿಮ್ಮಪ್ಪ ಎಷ್ಟು ಗೊಣಗಿದರೂ, ಗೋಡೆಯ ಕಡೆ ಒಂದು ಗೇಣೂ ಸರಿಸಲು ಬಿಡಲಿಲ್ಲ.