ಕೋಡುಗಲ್ಲಿನ ತುದಿಗೆ ಒಂದು ಮೊಳ

ನಾನು ಚಿಕ್ಕವನಿದ್ದಾಗ ನಮ್ಮ ಮನೆಯಲ್ಲಿ ರಜೆಯ ಶುಕ್ರವಾರವೂ ನಾಲ್ಕು ಗಂಟೆಗೇ ಏಳಬೇಕಿತ್ತು. ಹಾಸಿಗೆ ಮಡಚುವುದಕ್ಕೆ, ಹಲ್ಲುಜ್ಜುವುದಕ್ಕೆ, ಚಹಾ ಕುಡಿಯುವುದಕ್ಕೆ, ಎಲ್ಲಕ್ಕೂ ಅಪ್ಪ ಹೊತ್ತು ಗೊತ್ತುಮಾಡಿದ್ದರು. ಅವರು ಊರು ಬಿಟ್ಟು ಬಂದು ಈ ಕೊಲ್ಲಿ ದ್ವೀಪದ ಮನಾಮಾ ನಗರದಲ್ಲಿ ಒಂದು ಕಂಪನಿಯ ಗೋದಾಮು ನೋಡಿಕೊಳ್ಳುತ್ತಿದ್ದರು. ಅಲ್ಲಿನ ಶಿಸ್ತೇ ಮನೆಗೂ ಬಂದಿತ್ತು. ಅದನ್ನು ನಾನಿನ್ನೂ ಬಿಟ್ಟಿಲ್ಲ ಎಂದು ಮೊಮ್ಮಕ್ಕಳು ನೀವು ನಿಮ್ಮ ಅಮ್ಮನ ಹತ್ತಿರ ದೂರುವುದು ನನಗೆ ಗೊತ್ತಿದೆ.

ನಾನು ಹೇಳಹೊರಟಿರುವುದು ಅಕ್ಕ ಊರಿಗೆ ಹೊರಡುವ ಮೊದಲಿನ ಕೊನೆಯ ಶುಕ್ರವಾರದ ಮಾತು. ಅವಳಿಗೆ ಹದಿನಾಲ್ಕು, ನನಗೆ ಎಂಟು. ಮಂಗಳೂರಿನ ಅತ್ತೆಯ ಮನೆಯಲ್ಲಿದ್ದು ಅವಳು ಮುಂದೆ ಓದಬೇಕೆಂದು ನಿಶ್ಚಯವಾಗಿತ್ತು. ಹೊರಡುವ ಮೊದಲು ಅವಳದು ಒಂದೇ ಬೇಡಿಕೆ. ಈ ದ್ವೀಪದ ನಡುವಿನ ಬಯಲಲ್ಲಿ ಹೆಸರಿಲ್ಲದ ಒಂದು ಕೋಡುಗಲ್ಲಿದೆ, ಅದರ ತುದಿಯಲ್ಲಿ ನಿಂತರೆ ಪೂರ್ವದ ಕಡಲೂ ಪಶ್ಚಿಮದ ಕಡಲೂ ಒಟ್ಟಿಗೆ ಕಾಣುತ್ತವೆ ಎಂದು ಅಪ್ಪ ಯಾರಿಂದಲೋ ಕೇಳಿ ಬಂದು ಹೇಳಿದ್ದರು.

"ಇಷ್ಟು ವರ್ಷ ಇದ್ದು ನಮ್ಮ ಮನೆಯಿರುವ ಗುದೈಬಿಯಾದ ಗಲ್ಲಿ ಬಿಟ್ಟು ಬೇರೇನು ನೋಡಿದ್ದೇನೆ ಅಪ್ಪಾ? ಇದು ನಿಜವಾಗಿ ದ್ವೀಪವೋ ಅಲ್ಲವೋ, ಒಮ್ಮೆ ಕಣ್ಣಾರೆ ನೋಡಿ ಹೋಗುತ್ತೇನೆ" ಎಂದಳು ಅಕ್ಕ. ಅಪ್ಪ ಮಾತು ಕೊಟ್ಟರು. ಅಪ್ಪ ಮಾತು ಕೊಡುವುದು ಅಪರೂಪ.

ಬೆಳಕು ಹರಿಯುವಾಗ ಕಂಪನಿಯ ಪಿಕಪ್ ಡಾಮರು ರಸ್ತೆ ಮುಗಿಯುವಲ್ಲಿ ನಿಂತಿತು. ಅಲ್ಲಿಂದ ಮುಂದೆ ದಾರಿಯೇ ಇಲ್ಲ. ಮರಳಿನ ಮೇಲೆ ಉಪ್ಪು ಹಪ್ಪಳದಂತೆ ಗಟ್ಟಿಯಾಗಿತ್ತು. ಕಾಲಿಟ್ಟರೆ ಟಪ್ಪೆಂದು ಒಡೆದು ಕಾಲು ಮೀನಖಂಡದವರೆಗೆ ಹೂತುಹೋಗುತ್ತಿತ್ತು. ಆಮೇಲೆ ಮುಳ್ಳುಪೊದೆಗಳು. ಸೊಂಟದೆತ್ತರ, ಬೂದಿ ಬಣ್ಣ, ಒಂದಕ್ಕೊಂದು ಹೆಣೆದುಕೊಂಡು ನಿಂತಿದ್ದವು. ಅಪ್ಪ ಮುಂದೆ ಕೋಲಿನಿಂದ ಅವನ್ನು ಸರಿಸುತ್ತಿದ್ದರು, ಅವು ಹಿಂದಕ್ಕೆ ಚಿಮ್ಮಿ ನನ್ನ ಕೆನ್ನೆಗೆ ಬಡಿಯುತ್ತಿದ್ದವು. ಕಾಲು ಗಂಟೆ ನಡಿಗೆ, ಎರಡು ನಿಮಿಷ ನಿಲ್ಲುವುದು, ಎರಡು ಗುಟುಕು ನೀರು. ಮೂರನೆಯ ಗುಟುಕು ಕೇಳಿದರೆ ಅಪ್ಪ ಕ್ಯಾನಿನ ಮುಚ್ಚಳ ತಿರುಗಿಸಿ ಬಿಗಿಮಾಡುತ್ತಿದ್ದರು. ಗಾಳಿಯಲ್ಲಿ ಧೂಳು. ಸೂರ್ಯ ಎಲ್ಲಿದ್ದಾನೆಂದೇ ತಿಳಿಯದ ಹಾಗೆ ಆಕಾಶವೆಲ್ಲ ಗೋಣಿಚೀಲದ ಬಣ್ಣಕ್ಕೆ ತಿರುಗಿತ್ತು.

ಬುಡ ತಲುಪಿದಾಗ ಆರು ಗಂಟೆ. ನನ್ನ ಕಾಲಿನಲ್ಲಿ ಜೀವವಿರಲಿಲ್ಲ. ಕೋಡುಗಲ್ಲು ಮೂರು ಮಹಡಿಯಷ್ಟು ಎತ್ತರವಿತ್ತು. ದೂರಕ್ಕೆ ಗಟ್ಟಿಯಾಗಿ ಕಂಡರೂ ಹತ್ತಿರ ಹೋಗಿ ಹಿಡಿದರೆ ರಸ್ಕಿನ ಹಾಗೆ ಪುಡಿಯಾಗುತ್ತಿತ್ತು. ಅಪ್ಪ ನಿಯಮ ಹೇಳಿದರು. ಮೊದಲು ಹಿಡಿ, ಮೂರು ಸಲ ಎಳೆದು ನೋಡು, ಆಮೇಲೆ ಭಾರ ಬಿಡು. ಹತ್ತು ಗಂಟೆಗೆ ಎಲ್ಲೇ ಇದ್ದರೂ ಇಳಿಯಲು ಶುರು. ಅದಕ್ಕಿಂತ ತಡವಾದರೆ ಬಿಸಿಲಿಗೆ ನೀರು ಸಾಲುವುದಿಲ್ಲ.

ಕಲ್ಲಿಗೆ ಉಜ್ಜಿ ಹಾಳಾಗದಿರಲೆಂದು ಅಪ್ಪ ತಮ್ಮ ಕೈಗಡಿಯಾರವನ್ನೂ ಅಕ್ಕನ ಹೊಸ ಕೈಗಡಿಯಾರವನ್ನೂ ಬಿಚ್ಚಿ, ಕರವಸ್ತ್ರದಲ್ಲಿ ಕಟ್ಟಿ ನನ್ನ ಕೈಗೆ ಕೊಟ್ಟರು. "ಹತ್ತಾದ ಕೂಡಲೇ ಕೂಗು. ನೀನು ಹೇಳಿದ್ದೇ ಸಮಯ" ಎಂದರು. ನಾನು ಗಡಿಯಾರ ನೋಡಲು ಕಲಿತು ಎರಡೇ ತಿಂಗಳಾಗಿತ್ತು.

ಇಲ್ಲಿ ಒಂದು ಮಾತು ಹೇಳಬೇಕು. ಪ್ರಯಾಣಕ್ಕೆ ಕೊಂಡ ಯಾವುದೇ ವಸ್ತುವನ್ನು ಅಪ್ಪ ಒಂದು ವಾರ ಮೊದಲೇ ಪರೀಕ್ಷಿಸಿ ನೋಡುತ್ತಿದ್ದರು. ಟ್ರಂಕಿನ ಬೀಗ, ಚಪ್ಪಲಿಯ ಪಟ್ಟಿ, ಎಲ್ಲವನ್ನೂ. ಅಕ್ಕನ ಗಡಿಯಾರಕ್ಕೆ ಆಗಲೇ ಊರಿನ ಸಮಯ ಇಟ್ಟಿದ್ದರು, ಇಲ್ಲಿಗಿಂತ ಎರಡೂವರೆ ಗಂಟೆ ಮುಂದೆ. ದಿನಾ ಬೆಳಿಗ್ಗೆ ಅದನ್ನು ಗೋಡೆಯ ಮೇಲಿದ್ದ ಊರಿನ ಸಮಯದ ಗಡಿಯಾರದೊಂದಿಗೆ ತಾಳೆ ನೋಡುತ್ತಿದ್ದರು. ಇದು ಮನೆಮಂದಿಗೆಲ್ಲ ಗೊತ್ತಿತ್ತು. ನನಗೂ ಗೊತ್ತಿತ್ತು.

ಅವರು ಏರತೊಡಗಿದರು. ಅಕ್ಕ ಮುಂದೆ, ಅಪ್ಪ ಕೆಳಗೆ. ಪ್ರತಿ ಹಿಡಿತಕ್ಕೂ ಒಂದು ಮುಷ್ಟಿ ಕಲ್ಲು ಉದುರುತ್ತಿತ್ತು. ನಡುವೆ ಧೂಳಿನ ಗಾಳಿ ಜೋರಾದಾಗ ಇಬ್ಬರೂ ಮೆಟ್ಟಿಲಂತೆ ಹೊರಬಂದಿದ್ದ ಕಲ್ಲಿನ ಒಂದು ಚಾಚಿನ ಮೇಲೆ ಮುಖ ಮುಚ್ಚಿ ಕುಳಿತರು. ನಾನು ಬುಡದಲ್ಲಿ ಮೊಣಕಾಲಿಗೆ ತಲೆ ಕೊಟ್ಟೆ. ಕಣ್ಣು ಎಳೆದುಕೊಂಡು ಹೋಯಿತು.

ಎಚ್ಚರವಾದಾಗ ಎಷ್ಟು ಹೊತ್ತು ನಿದ್ದೆ ಹೋದೆನೋ ತಿಳಿಯಲಿಲ್ಲ. ಕರವಸ್ತ್ರ ಬಿಚ್ಚಿದೆ. ಹೊಸ ಗಡಿಯಾರ ಮಿರಮಿರ ಹೊಳೆಯುತ್ತಿತ್ತು. ಅದನ್ನೇ ನೋಡಿದೆ. ಹತ್ತು ಗಂಟೆ ಇಪ್ಪತ್ತು ನಿಮಿಷ!

"ಅಪ್ಪಾ, ಹತ್ತು ದಾಟಿತು! ಇಪ್ಪತ್ತು ನಿಮಿಷ ಆಯಿತು!"

ತಲೆಯೆತ್ತಿದರೆ ಅಕ್ಕನ ಬಲಗೈ ಆಗಲೇ ತುದಿಯ ಮೇಲಿತ್ತು. ತಲೆ ಮೇಲೆ ಬರಲು ಒಂದು ಮೊಳ ಉಳಿದಿತ್ತು, ಅಷ್ಟೇ.

"ಸರಿಯಾಗಿ ನೋಡಿದೆಯಾ?" ಅಪ್ಪ ಕೇಳಿದರು.

"ನೋಡಿದೆ!"

"ಅಪ್ಪಾ, ಇನ್ನೊಂದೇ ಹೆಜ್ಜೆ" ಎಂದಳು ಅಕ್ಕ.

ಅಪ್ಪ ತಲೆಯೆತ್ತಿ ಅವಳ ಕೈಯನ್ನು ನೋಡಿದರು. ಆಮೇಲೆ, "ಅವನಿಗೆ ಕೆಲಸ ಒಪ್ಪಿಸಿದ್ದೇವೆ. ಇಳಿ ಮಗಾ" ಎಂದರು. ಅಕ್ಕನ ಕೈ ತುದಿಯಿಂದ ನಿಧಾನವಾಗಿ ಜಾರಿ ಕೆಳಗೆ ಬಂದದ್ದನ್ನು ನಾನು ನೋಡಿದೆ. ಅವರು ಚಾಚನ್ನು ದಾಟಿ ಕೆಳಗಿಳಿಯುತ್ತಿದ್ದಂತೆ ಅದರ ಅರ್ಧ ಭಾಗ ಕಳಚಿ, ಸದ್ದುಮಾಡುತ್ತಾ ನನ್ನಿಂದ ನಾಲ್ಕು ಮಾರು ದೂರಕ್ಕೆ ಬಂದು ಬಿತ್ತು.

ಇಬ್ಬರೂ ನೆಲ ಮುಟ್ಟಿ ನೀರು ಕುಡಿಯುವಷ್ಟರಲ್ಲಿ ಧೂಳು ಇಳಿದು ಸೂರ್ಯ ಕಂಡ. ಕೋಡುಗಲ್ಲಿನ ನೆರಳು ಪಡುವಣಕ್ಕೆ ಇನ್ನೂ ಉದ್ದವಾಗಿ ಚಾಚಿತ್ತು. ಅಪ್ಪ ಆ ನೆರಳನ್ನು ನೋಡಿದರು. ಕರವಸ್ತ್ರ ತೆಗೆದುಕೊಂಡು ಒಂದು ಗಡಿಯಾರ ನೋಡಿದರು, ಇನ್ನೊಂದನ್ನೂ ನೋಡಿದರು. ಅವರ ಗಡಿಯಾರದಲ್ಲಿ ಎಂಟೂವರೆ.

ಬೈಯುತ್ತಾರೆಂದು ಕಾದೆ. ಬೈಯಲಿಲ್ಲ. "ನಾನೇ ಎರಡನ್ನೂ ಒಟ್ಟಿಗೆ ಕಟ್ಟಬಾರದಿತ್ತು" ಎಂದರು. ಹೊತ್ತು ಬೇಕಾದಷ್ಟು ಉಳಿದಿತ್ತು, ಆದರೆ ಮತ್ತೆ ಏರಲು ಕಾಲಿಡುವಷ್ಟು ಚಾಚು ಉಳಿದಿರಲಿಲ್ಲ. ಅಕ್ಕ ಒಡೆದ ಕಲ್ಲನ್ನೊಮ್ಮೆ, ನನ್ನ ಮುಖವನ್ನೊಮ್ಮೆ ನೋಡಿದಳು.

"ಭಲೇ ಮಾರಾಯ! ನಾನು ಹೊರಡುವ ಮೊದಲೇ ನೀನು ಊರಿಗೆ ಹೋಗಿ ಕೂತೆಯಲ್ಲ!"

ನಾನು ಅತ್ತುಬಿಟ್ಟೆ. ಅವಳು ನಕ್ಕಳು, ಆದರೆ ಕೈಯ ಗೀರುಗಳನ್ನು ಉಜ್ಜಿಕೊಳ್ಳುತ್ತಾ ಬೇರೆಡೆ ತಿರುಗಿದಳು. ಹಿಂತಿರುಗಿ ಹೊರಟೆವು. ಬಿಸಿಲೇರಿ ಮರಳು ಚಪ್ಪಲಿಯೊಳಗೆ ಸುಡುತ್ತಿತ್ತು. ಅದೇ ಪೊದೆ, ಅದೇ ಮುಳ್ಳು, ಬಂದದ್ದಕ್ಕಿಂತ ಎರಡು ಪಟ್ಟು ಉದ್ದವಾದ ದಾರಿ. ಕೊನೆಗೆ ನನ್ನನ್ನು ಬೆನ್ನಿಗೆ ಹಾಕಿಕೊಂಡವಳು ಅಕ್ಕನೇ. "ಮೇಲೆ ಹೇಗಿತ್ತು?" ಎಂದು ಅವಳ ಕಿವಿಯಲ್ಲಿ ಕೇಳಿದೆ. "ಸಪಾಟು. ಬೆಚ್ಚಗಿತ್ತು. ನನ್ನ ಕೈ ಹೇಳಿದ್ದು ಇಷ್ಟೇ" ಎಂದಳು.

ಮಂಗಳವಾರ ಅವಳು ಹೊರಟುಹೋದಳು. ಮದುವೆಯಾದ ಮೇಲೆ ಒಮ್ಮೆ ಮೂರು ದಿನಕ್ಕೆಂದು ಬಂದಾಗ, ಕೋಡುಗಲ್ಲಿನ ಕಡೆಗೆಲ್ಲ ಬೇಲಿ ಹಾಕಿಬಿಟ್ಟಿದ್ದರು.

ನಿಮಗೆ ಎರಡು ಕಡಲು ನೋಡಲು ಮುಳ್ಳು ತುಳಿಯಬೇಕಾಗಿಲ್ಲ. ವಿಮಾನದ ಕಿಟಕಿಯಲ್ಲಿ ಇಡೀ ದ್ವೀಪ ಕಾಣುತ್ತದೆ. ಆಗ ನೀವು ಕಾರ್ಟೂನ್ ನೋಡುತ್ತಿರುತ್ತೀರಿ, ಇರಲಿ. ಸೀಫ್‌ನ ಮಾಲ್‌ನಲ್ಲಿ ನೀವು ಹತ್ತುವ ಗೋಡೆಯಲ್ಲಿ ಬಣ್ಣಬಣ್ಣದ ಹಿಡಿಗಳಿವೆ, ಒಂದೂ ಪುಡಿಯಾಗುವುದಿಲ್ಲ. ಸೊಂಟಕ್ಕೆ ಹಗ್ಗ, ಕೆಳಗೆ ಮೆತ್ತನೆಯ ನೆಲ, ತಂಪು ಗಾಳಿ. ಕೆಳಗೆ ನಿಂತ ನನಗೆ ಮಾತ್ರ ಈಗ ಅರ್ಧ ಗಂಟೆಗೇ ಮೊಣಕಾಲು ಸೋಲುತ್ತದೆ. ಊಟಕ್ಕೆ ತಡವಾಯಿತು, ಕರೆಯಿರಿ ಎಂದು ನಿಮ್ಮ ಅಮ್ಮ ಹೇಳುತ್ತಾಳೆ. ಎಲ್ಲಕ್ಕೂ ಗಂಟೆ ಹೊಡೆಯುವ ಅಜ್ಜ ಇಲ್ಲಿ ಮಾತ್ರ ಯಾಕೆ ಸುಮ್ಮನಿರುತ್ತಾರೆ ಎಂದು ಕಳೆದ ವಾರ ನೀವು ಕೇಳಿದಿರಲ್ಲ, ಇದಕ್ಕೇ. ತುದಿಗೆ ಕೈ ಇಟ್ಟವರನ್ನು ನಾನು ಕರೆಯುವುದಿಲ್ಲ. ಪೂರಾ ಹತ್ತಿ, ಆ ಕಡೆ ಈ ಕಡೆ ನೋಡಿ, ಸಾಕೆನಿಸಿದಾಗ ಇಳಿಯಿರಿ. ಊಟ ತಣ್ಣಗಾದರೆ ಬಿಸಿ ಮಾಡಿಕೊಳ್ಳೋಣ.