ಕೋಟೆಯ ಮಣ್ಣಿನ ರುಚಿ

ನನ್ನದು ಹುಟ್ಟಿನಿಂದಲೇ ಅನುಮಾನದ ಬುದ್ಧಿ. ಔರಾದ ಕಡೆಯ ನಮ್ಮ ಅವ್ವ, "ಮೊಸರಿನಾಗೂ ಕಲ್ಲು ಹುಡುಕ್ತಾಳ ಇಕಿ" ಎಂದು ಬೈಯುತ್ತಿದ್ದಳು. ಪೊಲೀಸ್ ಆ್ಯಕ್ಷನ್ ಆಗಿ ನಿಜಾಮನ ಆಳ್ವಿಕೆ ಮುಗಿದ ಮೇಲೆ ಅಪ್ಪ ಭಾಲ್ಕಿಯ ಅಂಗಡಿ ಮುಚ್ಚಿ ನಮ್ಮನ್ನು ಬೀದರಿನ ಚಿದ್ರಿಗೆ ಕರೆತಂದಾಗ ನನಗೆ ಹನ್ನೊಂದು ವರ್ಷ. ಆಗ ಊರಿಗೆ ಊರೇ ನನ್ನ ಹಾಗಾಗಿತ್ತು. ಯಾರು ನಿಜಾಮನ ಪರ ಹೊಡೆದಾಡಿದ ರಜಾಕಾರರ ಕಡೆಯವರು, ಯಾರ ಮನೆಯಲ್ಲಿ ಏನು ಅಡಗಿದೆ, ಇದೇ ಮಾತು.

ನಮ್ಮ ಪಕ್ಕದ ಮನೆಯವರು ಬಿದರಿ ಕೆಲಸದವರು. ಮುದುಕಿ, ಮಗ, ಸೊಸೆ. ಮುದುಕಿಯನ್ನು ಓಣಿಯ ಮಕ್ಕಳೆಲ್ಲ ಅವರ ಮಾತಿನಲ್ಲೇ ನಾನಿ, ಅಂದರೆ ಅಜ್ಜಿ, ಎಂದು ಕರೆಯುತ್ತಿದ್ದೆವು. ಮಗ ಸತುವಿನ ಹೂಜಿಗೆ ಬೆಳ್ಳಿ ತಂತಿ ಕೂರಿಸುತ್ತಿದ್ದ, ಹೊಗಳಿಕೆಯೆಲ್ಲ ಅವನಿಗೆ. ಆದರೆ ಹೂಜಿ ಕಪ್ಪಾಗಬೇಕಾದರೆ ಕೋಟೆಯ ಮಣ್ಣು ಬೇಕು, ಆ ಮಣ್ಣನ್ನು ಆರಿಸುವವಳು ನಾನಿ. ಬಿಸಿಲು ಮಳೆ ಮುಟ್ಟದ ಪಾಳು ಕೋಣೆಗೆ ಹೋಗಿ, ಗೋಡೆಯ ಬುಡ ಕೆರೆದು, ಒಂದು ಚಿಟಿಕೆ ನಾಲಿಗೆಗೆ ಇಟ್ಟುಕೊಂಡು ರುಚಿ ನೋಡಿ ಉಗುಳುತ್ತಿದ್ದಳು. ಮಣ್ಣು ತಪ್ಪಿದರೆ ಕಪ್ಪು ಹಿಡಿಯದೆ ತಿಂಗಳುಗಟ್ಟಲೆಯ ಕೆಲಸ ಹಾಳು.

"ಇದು ನನಗ ಅತ್ತಿ ಕಲಿಸಿದ್ದು. ಆಕಿಗೆ ಆಕಿ ಅತ್ತಿ. ಬಾದಶಾಹರ ಕಾಲದಿಂದ ಹಿಂಗೇ ಬಂದದ" ಎನ್ನುತ್ತಿದ್ದಳು. ವಯಸ್ಸಾಗಿ ಅವಳ ನಾಲಿಗೆ ಮಂದವಾಗುತ್ತಿತ್ತು. ಅದಕ್ಕೇ ಸೊಸೆಗೆ ಕಲಿಸತೊಡಗಿದ್ದಳು.

ನಾನು ನಂಬಲಿಲ್ಲ. ಮಣ್ಣು ತಿನ್ನಲು ಯಾರಾದರೂ ಅಷ್ಟು ದೂರ ಹೋಗುತ್ತಾರೆಯೇ? ತಂದ ಚೀಲವನ್ನು ಅವಳು ಮಂಚದ ಕೆಳಗೆ ತಳ್ಳುವುದನ್ನು ನಾನು ಕಿಟಕಿಯಿಂದ ನೋಡಿದ್ದೆ. ಜೊತೆಗೆ ಬಟ್ಟೆಯಲ್ಲಿ ಕಟ್ಟಿದ ಬಿಳಿ ಉಪ್ಪಿನಂಥದೇನೋ ಇತ್ತು. ಅದು ಆ ಮಣ್ಣಿಗೆ ಕಲಸುವ ನವಸಾಗರ ಎಂದು ಆಗ ನನಗೇನು ಗೊತ್ತು?

ಒಂದು ದಿನ ಖಾಕಿ ತೊಟ್ಟ ಇಬ್ಬರು ಓಣಿಗೆ ಬಂದು, ಯಾರಾದರೂ ಮದ್ದುಗುಂಡು ಬಚ್ಚಿಟ್ಟಿದ್ದಾರೇನು ಎಂದು ಕೇಳಿದರು. ದೊಡ್ಡವರೆಲ್ಲ ಒಬ್ಬೊಬ್ಬರಾಗಿ ಮನೆಯೊಳಗೆ ಸರಿದರು. ನಾನು ಮಾತ್ರ ಆ ಖಾಕಿಯವರ ಹಿಂದೆಯೇ ಹೋಗಿ ಓಣಿಯ ಮೂಲೆಯಲ್ಲಿ ನಿಲ್ಲಿಸಿ ಹೇಳಿದೆ: "ನಾನಿ ಮಂಚದ ಕೆಳಗ ನೋಡ್ರಿ."

ಅಲ್ಲಿ ಅವರಿಗೆ ಸಿಕ್ಕಿದ್ದು ಕಂದು ಪುಡಿ, ಬಿಳಿ ಉಪ್ಪು. ಸಿಡಿಮದ್ದೇ ಎಂದುಕೊಂಡು ಮಗನನ್ನು ಕಚೇರಿಗೆ ಎಳೆದೊಯ್ದರು. ಆ ದಿನಗಳಲ್ಲಿ ಹಾಗೆ ಒಯ್ದವರಲ್ಲಿ ಎಷ್ಟೋ ಮಂದಿ ತಿರುಗಿ ಬರುತ್ತಿರಲಿಲ್ಲ. ಅದು ನನಗೂ ಗೊತ್ತಿತ್ತು. ಮೂರು ದಿನ ನಾನು ಕಿಟಕಿಯಲ್ಲಿ ಕೂತು ಅವರ ಮನೆಯ ಬಾಗಿಲನ್ನೇ ಕಾಯ್ದೆ. "ಯಾರು ಹೇಳಿರಬೇಕು?" ಎಂದು ಅಪ್ಪ ಸುಮ್ಮನೆ ಕೇಳಿದರೂ, ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡವನ ಗತಿ ನನ್ನದಾಗಿತ್ತು.

ಕೊನೆಗೆ ಅಲ್ಲಿದ್ದ ಅಧಿಕಾರಿಯೊಬ್ಬ ಪುಡಿಯನ್ನು ಬೆಂಕಿಗೆ ಎಸೆದು ನೋಡಿದನಂತೆ. ಸಿಡಿಯಲಿಲ್ಲ, ಬಿಟ್ಟರು. ಮಗ ಮನೆಗೆ ಬಂದ, ಆದರೆ ಸೊಸೆ ಹಟ ಹಿಡಿದಳು. ಗಂಡನನ್ನು ಸಾವಿನ ಬಾಯಿಗೆ ದೂಡಿದ ಮಣ್ಣನ್ನು ತನ್ನ ಬಾಯಿಗೆ ಇಡುವುದಿಲ್ಲ ಎಂದಳು. ಎಷ್ಟೋ ತಲೆಮಾರಿನ ಹೆಂಗಸರು ದಾಟಿಸಿಕೊಂಡು ಬಂದದ್ದು ಅಲ್ಲಿಗೆ ನಿಂತಿತು. ನಿಲ್ಲಿಸಿದವಳು ನಾನು.

ವಾರದ ಮೇಲೆ ನಾನಿ, "ನನ್ನ ಜೋಡಿ ಕೋಟಿಗೆ ಬಾ" ಎಂದಳು. ಸೇಡು ತೀರಿಸಿಕೊಳ್ಳಲು ಕರೆಯುತ್ತಿದ್ದಾಳೆ ಎಂದೇ ನನ್ನ ಅನುಮಾನ. ಆದರೂ ಹೋದೆ. ಪಾಳು ಕೋಣೆಯಲ್ಲಿ ಅವಳು ಗೋಡೆ ಕೆರೆದು, "ಬಾಯಿ ತೆಗಿ" ಎಂದಳು. ವಿಷವೇ ಇರಬೇಕು ಎಂದುಕೊಳ್ಳುತ್ತಲೇ ಬಾಯಿ ತೆರೆದೆ.

"ಸೊಸಿ ಎಲ್ಲದಕ್ಕೂ ಹೂಂ ಅಂತಿದ್ದಳು. ನೀ ಯಾವುದನ್ನೂ ನಂಬಂಗಿಲ್ಲ. ಈ ಕೆಲಸಕ್ಕ ಅಂಥಾ ನಾಲಿಗೀನೇ ಬೇಕು."

ಮಣ್ಣು ನಾಲಿಗೆಯ ಮೇಲೆ ಇರುವಾಗಲೇ ನನಗೆ ಅಳು ಒತ್ತರಿಸಿ ಬಂತು. "ನಾನಿ, ಅವರಿಗೆ ಹೇಳಿದಾಕಿ ನಾನೇರಿ" ಎಂದೆ.

"ಅದು ಗೊತ್ತದ. ಮಣ್ಣು ಹ್ಯಾಂಗದ, ಅದನ್ನ ಹೇಳು."