ಇಚಲಕರಂಜಿಯಲ್ಲಿ ಸದ್ದಿಲ್ಲದ ಸೈಕಲ್ಲು

ಇಚಲಕರಂಜಿಗೆ ಬಂದ ಮೊದಲ ಬೆಳಿಗ್ಗೆ ನಾನು ಕಂಡದ್ದು ನಡುಗುವ ನೀರು. ಕೊಡವನ್ನು ಯಾರೂ ಮುಟ್ಟಿರಲಿಲ್ಲ. ಆದರೂ ನೀರಿನ ಮೇಲೆ ಸಣ್ಣ ಸಣ್ಣ ಬಳೆಗಳು ಎದ್ದು ಅಂಚಿಗೆ ಹೋಗಿ ಅಳಿಯುತ್ತಿದ್ದವು. ಗೋಡೆಯ ಆಚೆ ಮಗ್ಗದ ಶೆಡ್ಡು. ಗೋಡೆಗೆ ಕೈಯಿಟ್ಟರೆ ಚಳಿಜ್ವರ ಬಂದವರ ಮೈ ಮುಟ್ಟಿದಂತಿತ್ತು. ಕೆಳಗೆ ಓಣಿಯಲ್ಲಿ ಇಬ್ಬರು ಗಂಡಸರು ಮುಖಕ್ಕೆ ಮುಖ ಹಚ್ಚಿ ಒದರುತ್ತಿದ್ದರು. ಬಿಡಿಸಿ ಬನ್ನಿ ಎಂದು ನನ್ನ ಗಂಡನನ್ನು ಎಬ್ಬಿಸಿದೆ. ಅವರು ಇಳಿದುಹೋಗಿ ನಗುತ್ತಾ ಮೇಲೆ ಬಂದರು.

"ಜಗಳ ಎಲ್ಲೈತಿ ಹುಚ್ಚಿ, ಚಾ ಕುಡಿಯಾಕ ಬಾ ಅಂತ ಕರಿಯಾಕತ್ತಾನ ಅಂವಾ."

ಅವರ ಹೆಸರು ಈರಣ್ಣ. ಇದ್ದಾಗ ಬಾಯಲ್ಲಿ ಹೇಳಿದವಳಲ್ಲ. ಈಗ ಬರೆಯುತ್ತೇನೆ.

ಗುಳೇದಗುಡ್ಡದ ನಮ್ಮವರಿಗೆ ಮಗ್ಗವೆಂದರೆ ಕುಣಿಮಗ್ಗ. ನನ್ನಪ್ಪ ಕುಣಿಯಲ್ಲಿ ಕಾಲಿಳಿಸಿ ಕೂತು ಒಂದು ಮಾತು ಆಡುತ್ತಿದ್ದ, ಲಾಳಿ ಎಸೆಯುತ್ತಿದ್ದ, ನಮ್ಮ ಉತ್ತರ ಕೇಳಿ ಮತ್ತೆ ಲಾಳಿ ಎಸೆಯುತ್ತಿದ್ದ. ಲಾಳಿ ಹೋಗಿ ಬರುವುದರೊಳಗೆ ಒಂದು ಮಾತಿಗೆ ಜಾಗವಿತ್ತು. ಇಲ್ಲಿ ಮಗ್ಗಕ್ಕೆ ‘ಮಾಗ’ ಎನ್ನುತ್ತಾರೆ, ಕರೆಂಟಿನ ಮೇಲೆ ಓಡುತ್ತದೆ. ಅದು ಯಾರ ಮಾತಿಗೂ ಜಾಗ ಬಿಡುವುದಿಲ್ಲ. ಶೆಡ್ಡಿನೊಳಗೆ ಕೈಸನ್ನೆಯಲ್ಲಿ ಮಾತು. ದೂರದವನನ್ನು ಕರೆಯಬೇಕಾದರೆ ಅವನ ತಲೆಯ ಮೇಲಿನ ದೀಪ ಆರಿಸಿ ಹಚ್ಚುತ್ತಾರೆ. ನಾನು ಮರಾಠಿ ಕಲಿತದ್ದು ಎದುರಿನವರ ತುಟಿ ನೋಡಿ. ಕಾಯಿಪಲ್ಲೆ ಮಾರುವವಳು ಮುಖ ತಿರುಗಿಸಿಕೊಂಡು ದರ ಹೇಳಿದರೆ ಇಂದಿಗೂ ನನಗೆ ತಿಳಿಯುವುದಿಲ್ಲ. ರೊಟ್ಟಿ ಇಲ್ಲಿ ಭಾಕರಿಯಾಗಿತ್ತು, ಬಡಿಯುವ ಕೈ ಅದೇ. ಆದರೆ ಬಡಿಯುವ ಸಪ್ಪಳ ನನಗೇ ಕೇಳಿಸುತ್ತಿರಲಿಲ್ಲ. ಗೋಡೆಯ ಸದ್ದು ಅದನ್ನೂ ನುಂಗುತ್ತದೆ ಎಂದುಕೊಂಡಿದ್ದೆ.

ಬರಬರುತ್ತ ಅವರ ಕಿವಿ ಮಂದವಾಯಿತು. ಹೆಗಲು ಮುಟ್ಟಿ ಈ ಕಡೆ ತಿರುಗಿಸಿಕೊಂಡು ಮಾತಾಡಬೇಕಾಗುತ್ತಿತ್ತು. ಆದರೆ ರಸ್ತೆಯಲ್ಲಿ ಅವರಷ್ಟು ಎಚ್ಚರದವರನ್ನು ನಾನು ಕಂಡಿಲ್ಲ. ಸಂತೆಗೆ ಹೋಗುವಾಗ ಲಾರಿ ನನ್ನ ಕಣ್ಣಿಗೆ ಬೀಳುವ ಮೊದಲೇ ಮೊಣಕೈ ಹಿಡಿದು ಪಕ್ಕಕ್ಕೆ ಎಳೆದುಕೊಳ್ಳುತ್ತಿದ್ದರು. ಅವರ ಜೊತೆಗೆ ಮಗ್ಗ ನಡೆಸುತ್ತಿದ್ದ ಮಲ್ಲಪ್ಪ ಒಮ್ಮೆ ಹೇಳಿದ್ದ: "ನಮಗ ಕಾಲಿಗೆ ಕೇಳಿಸತೈತ್ರಿ ವೈನಿ. ಗಾಡಿ ಬಂದ್ರ ನೆಲಾ ಹೇಳತೈತಿ."

ಪಾಳಿ ಬಿಟ್ಟಾಗ ಈ ಊರಿನ ಹಳೆಯ ನೇಕಾರರನ್ನು ನೋಡಬೇಕು. ಸೈಕಲ್ಲಿಗೆ ಬುತ್ತಿ ಡಬ್ಬಿ ತೂಗುಹಾಕಿ, ಮೇಲೆ ಹತ್ತದೆ ಪಕ್ಕದಲ್ಲಿ ನೂಕಿಕೊಂಡೇ ಮನೆಗೆ ಹೋಗುತ್ತಾರೆ. ಚಕ್ರ ಸವೆಯುತ್ತದೆಂದು ಜಿಪುಣತನ ಮಾಡುತ್ತಾರೆ ಎಂದು ನಾನು ನಗುತ್ತಿದ್ದೆ.

ಅವರು ದುಡಿಯುತ್ತಿದ್ದ, ಓಣಿಯ ತುದಿಯ ಶೆಡ್ಡಿನ ಮಾಲೀಕ ಮಗ್ಗಗಳನ್ನು ಮಾರಿದ ಮೇಲೆ ಅವರಿಗೆ ಊರ ಹೊರಗಿನ ಶೆಡ್ಡಿನಲ್ಲಿ ಕೆಲಸ ಸಿಕ್ಕಿತು. ನಡೆದುಹೋಗುವ ದೂರವಲ್ಲ. ಹಳೆಯದೊಂದು ಸೈಕಲ್ ತಂದರು. ಕಬ್ಬಿನ ಹಂಗಾಮು. ಎರಡೆರಡು ಟ್ರಾಲಿ ಕಟ್ಟಿಕೊಂಡ ಟ್ರ್ಯಾಕ್ಟರುಗಳು ಕಾರ್ಖಾನೆಗೆ ಸಾಲುಗಟ್ಟಿದ್ದವು. ಅದರಲ್ಲೊಂದು ಹಿಂದಿನಿಂದ ಬಂತು. ಡ್ರೈವರ್ ಹಾರ್ನ್ ಹೊಡೆದನೆಂದು ಅಲ್ಲಿದ್ದವರೆಲ್ಲ ಹೇಳಿದರು. ಹೊಡೆಯುತ್ತಲೇ ಇದ್ದನಂತೆ. ಇವರು ಸರಿಯಲಿಲ್ಲ.

ಹಾರ್ನ್ ಕೇಳದಿದ್ದದ್ದು ನನಗೆ ತಿಳಿಯುತ್ತದೆ. ಆದರೆ ನನ್ನನ್ನು ಎಳೆದುಕೊಳ್ಳುತ್ತಿದ್ದ ಆ ಮನುಷ್ಯ, ಬೆನ್ನ ಹಿಂದೆ ಅಷ್ಟು ಭಾರ ಬರುವುದು ಗೊತ್ತಾಗದೆ ಹೇಗಿದ್ದರು? ಓಣಿಯಲ್ಲಿ ಬೇರೆ ಮಾತು ಹುಟ್ಟಿತು. ಹಳೆಯ ಕೆಲಸ ಹೋಗಿತ್ತು, ಮನಸ್ಸಿಗೆ ಹಚ್ಚಿಕೊಂಡಿದ್ದ, ಬೇಕೆಂದೇ ಸರಿಯಲಿಲ್ಲ ಎಂದರು. ನನ್ನೆದುರು ಯಾರೂ ಆಡಲಿಲ್ಲ. ತುಟಿ ನೋಡಿ ಮಾತು ತಿಳಿಯುವವಳಿಗೆ ದೂರದಿಂದಲೂ ತಿಳಿಯುತ್ತದೆ.

ಅವರ ಅಕ್ಕ ಗಡಹಿಂಗ್ಲಜದಲ್ಲಿದ್ದಾರೆ. ನನ್ನನ್ನು ಕರೆದೊಯ್ದು ಕೆಲವು ದಿನ ಇಟ್ಟುಕೊಂಡರು. ಅಲ್ಲಿ ಪೇಟೆಯಲ್ಲಿ ಕನ್ನಡ ಸಿಗುತ್ತದೆ, ಕಟ್ಟೆಯ ಮೇಲೆ ಕೂತು ಮಾತಾಡುವವರು ಸಿಗುತ್ತಾರೆ. ನಿದ್ದೆ ಮಾತ್ರ ಸಿಗಲಿಲ್ಲ. ಗೋಡೆಗೆ ಕೈಯಿಟ್ಟರೆ ಅದು ತಣ್ಣಗೆ ಸುಮ್ಮನಿರುತ್ತಿತ್ತು. ಸತ್ತವರ ಮೈ ಹಾಗೆ ಸುಮ್ಮನಿದ್ದುದನ್ನು ಆಗಷ್ಟೇ ಮುಟ್ಟಿ ಬಂದಿದ್ದೆ. ಇಚಲಕರಂಜಿಗೆ ವಾಪಸು ಬಂದೆ.

ಹೊಟ್ಟೆಪಾಡಿಗೆ ಮೆಂಡಿಂಗ್ ಕೆಲಸ ಹಿಡಿದೆ. ನೇಯ್ದು ಬಂದ ಬಟ್ಟೆಯಲ್ಲಿ ಹರಿದ ಎಳೆ, ಗಂಟು ಹುಡುಕಿ ಸರಿಮಾಡುವುದು. ಆ ಶೆಡ್ಡೂ ಊರ ಹೊರಗೇ, ಅದೇ ರಸ್ತೆ. ಮೊಣಕಾಲು ನೋವಿನಲ್ಲಿ ನಡೆಯಲಾಗಲಿಲ್ಲ. ಬ್ಯಾಟರಿ ಸೈಕಲ್ಲಿಗೆ ಲೈಸೆನ್ಸು ಬೇಡವೆಂದು ಜೊತೆಯ ಹೆಂಗಸರು ಹೇಳಿದರು. ಎಸ್‌ಟಿ ಬಸ್ಸು ಹತ್ತಿ ಕೊಲ್ಹಾಪುರಕ್ಕೆ ಹೋದೆ.

ಅಂಗಡಿಯವನು ಮೊದಲು ತೋರಿಸಿದ್ದು ದಪ್ಪ ಟೈರಿನದು, ನೋಡಲು ಚಂದ. ಆದರೆ ಸೀರೆಯುಟ್ಟು ಅದರ ಅಡ್ಡಕಂಬಿ ದಾಟಿ ಹತ್ತಲಾಗದು. ಬ್ಯಾಟರಿ ಕಂಬಿಯೊಳಗೇ ಇತ್ತು, ಹೊರಗೆ ಬರುವುದಿಲ್ಲ. ನನ್ನ ಕೋಣೆ ಮಾಳಿಗೆಯ ಮೇಲೆ, ಪ್ಲಗ್ಗು ಅಲ್ಲೇ. ಸೈಕಲ್ಲನ್ನು ಹೊತ್ತು ಹತ್ತಲೇ? ಎರಡನೆಯದು ತಗ್ಗು ಕಂಬಿಯದು. ಚೈನಿಗೆ ಪೂರ್ತಿ ಮುಚ್ಚಳವಿತ್ತು, ಸೆರಗು ಸಿಗುವ ಭಯವಿಲ್ಲ. ಬ್ಯಾಟರಿಯನ್ನು ಕೀಲಿ ತಿರುವಿ ಬಿಚ್ಚಿಕೊಂಡು ಒಯ್ಯಬಹುದು. ಅದು ಖಾಲಿಯಾದರೆ ತುಳಿದುಕೊಂಡೇ ಮನೆ ಸೇರಬಹುದು. ಬ್ರೇಕ್ ಹಿಡಿದೊಡನೆ ಮೋಟರು ನಿಲ್ಲುತ್ತದೆಯೇ ಎಂದು ಅಂಗಡಿಯ ಮುಂದಿನ ಏರಿನಲ್ಲಿ ಹೊಡೆದು ನೋಡಿದೆ. ನಿಂತಿತು.

"ಆವಾಜ ಬಿಲಕುಲ ನಾಹೀ, ಕಾಕೂ," ಎಂದ ಅಂಗಡಿಯವನು. ಸದ್ದೇ ಇಲ್ಲ ಎನ್ನುವುದು ಅವನಿಗೆ ಹೆಮ್ಮೆ. ಗಾಡಿ ಬಂತೆಂದು ಮಂದಿಗೆ ಹೇಗೆ ತಿಳಿಯಬೇಕು ಎಂದೆ. ಅವನು ಹೆಬ್ಬೆರಳಿನಿಂದ ಗಂಟೆ ಒತ್ತಿದ. ಬೆರಳು ಆಡಿದ್ದು ಕಂಡಿತು. ಸಪ್ಪಳ ಮಾತ್ರ ಎಲ್ಲೋ ಹೊಳೆಯ ಆಚೆ ದಂಡೆಯಿಂದ ಬಂದಂತಿತ್ತು. ಇದು ಭಾಳ ಸಣ್ಣದು, ದೊಡ್ಡದು ಹಾಕಿ ಎಂದೆ.

"ಅಹೋ ಕಾಕೂ, ಸೈಕಲ್ ಘೇತಾಯ್ ಕೀ ರೇಲ್ವೇಚಂ ಇಂಜಿನ್?" ಸೈಕಲ್ ಕೊಳ್ಳುತ್ತೀರೋ ರೈಲಿನ ಇಂಜಿನ್ನೋ ಎಂದು ನಗುತ್ತಲೇ ಬೇರೆ ಗಂಟೆ ಕೂಡಿಸಿಕೊಟ್ಟ. ಊರಿಗೆ ಬಂದು ಅದನ್ನೂ ಬದಲಿಸಿದೆ, ಇನ್ನೂ ದೊಡ್ಡದು ಹಾಕಿಸಿದೆ. ಅದೂ ಸಣ್ಣದೇ ಅನಿಸಿತು. ಈಗಿನ ವಸ್ತುಗಳೇ ಹೀಗೆ ಎಂದು ಬೈದುಕೊಂಡೆ.

ಸೈಕಲ್ಲು ಮಾತ್ರ ನನಗೆ ಬಹಳ ಸುಖ ಕೊಟ್ಟಿತು, ಸುಳ್ಳು ಹೇಳಲಾರೆ. ಒಂದು ತುಳಿತ ತುಳಿದರೆ ಸಾಕು, ಹಿಂದಿನಿಂದ ಯಾರೋ ಸೀಟು ಹಿಡಿದು ಮೆಲ್ಲಗೆ ನೂಕುತ್ತಾರೆ. ಮೊದಲ ದಿನ ನಾನು ತಿರುಗಿ ನೋಡಿದೆ. ರಜೆಯ ದಿನ ಪಂಚಗಂಗೆಯ ಘಾಟಿನ ತನಕ ಹೋಗುತ್ತಿದ್ದೆ. ಒಮ್ಮೆ ಧೈರ್ಯ ಮಾಡಿ ಅಕಿವಾಟದ ಕಡೆ ಹೊರಟೆ. ಎರಡೂ ಬದಿ ತಲೆ ಮೀರಿದ ಕಬ್ಬು, ನಡುವೆ ರಸ್ತೆ. ಗರಿಗಳು ಆಡುತ್ತಿದ್ದವು, ಒಂದು ಚೂರೂ ಸದ್ದಿರಲಿಲ್ಲ. ಗುಳೇದಗುಡ್ಡದ ಮಧ್ಯಾಹ್ನಗಳಂತೆ ಎಷ್ಟು ತಂಪಾದ ಮೌನ ಎಂದುಕೊಂಡೆ.

ಆಗ ಬಲಗಡೆ ಹೆಗಲಿಗೆ ಏನೋ ತರಚಿತು. ಟ್ರಾಲಿಯಿಂದ ಹೊರಚಾಚಿದ ಕಬ್ಬಿನ ಗರಿ. ಟ್ರ್ಯಾಕ್ಟರು ಆಗಲೇ ನನ್ನನ್ನು ದಾಟಿತ್ತು, ಎರಡನೆಯ ಟ್ರಾಲಿ ಪಕ್ಕದಲ್ಲಿ ಗೋಡೆಯಂತೆ ಸರಿಯುತ್ತಿತ್ತು. ಡ್ರೈವರ್ ಹಿಂತಿರುಗಿ ಬಾಯಿ ತೆರೆದು ಬೈಯುತ್ತಿದ್ದ. ಅವನ ಬಾಯಷ್ಟೇ ಕಂಡಿತು. ಈ ಟ್ರ್ಯಾಕ್ಟರಿನವರು ಯಾವಾಗಲೂ ಹಾಡು ಹಚ್ಚಿ ಊರಿಗೇ ಕೇಳಿಸುತ್ತಾ ಹೋಗುತ್ತಾರೆ. ಇವನೊಬ್ಬ ಯಾಕೆ ಸುಮ್ಮನೆ ಬಂದ? ಕಿವಿಗೆ ಗಾಳಿ ಬಡಿಯುತ್ತಿತ್ತು, ಅದಕ್ಕೇ ಇರಬೇಕು ಎಂದು ಸಮಾಧಾನ ಮಾಡಿಕೊಂಡು ತಿರುಗಿ ಬಂದೆ.

ಅವರು ತೀರಿ ವರ್ಷ ತುಂಬಿದ ದಿನ ಅಕ್ಕಾರು ಗಡಹಿಂಗ್ಲಜದಿಂದ ಬಂದರು. ಮಲ್ಲಪ್ಪನನ್ನೂ ಊಟಕ್ಕೆ ಕರೆದಿದ್ದೆ. ಅವನು ಬಂದು ಕೂತ, ಬಡಿಸತೊಡಗಿದೆ. ಕೆಳಗಿನ ನಳಕ್ಕೆ ಹೋಗಿದ್ದ ಅಕ್ಕಾರು ಮುಖ ಕೆಂಪಗೆ ಮಾಡಿಕೊಂಡು ಮೆಟ್ಟಿಲು ಹತ್ತಿ ಬಂದರು.

"ಏನ ಶಾಂತವ್ವಾ, ಕಿವ್ಯಾಗ ಅರಳಿ ಇಟಗೊಂಡಿ ಏನ? ಕೊಡಾ ಮ್ಯಾಲ ಒಯ್ಯಾಕ ಬಾ ಅಂತ ಆವಾಗಿಂದ ಗಂಟಿ ಬಾರಿಸಾಕತ್ತೇನಿ. ಎದರ ಮನಿ ನಾಯಿ ಬೊಗಳಿ ಬೊಗಳಿ ಸಾಕಾಗಿ ಮಲಕೊಂಡತು."

"ಯಾವ ಗಂಟಿ ಅಕ್ಕಾರ?"

"ನಿನ್ನ ಸೈಕಲ್ಲಿಂದವಾ! ಗುಡ್ಯಾಗಿನ ಜಾಗಟಿ ಬಡದಂಗ ಬಡೀತತಿ. ನನ್ನ ಕಿವಿ ಗುಂಯ್ ಅನ್ನಾಕತ್ತಾವು."

"ಏನಂತ್ರಿ?" ಎಂದು ಮಲ್ಲಪ್ಪ ನನ್ನ ಮುಖ ನೋಡಿದ. ಅವನಿಗೆ ತಿರುಗಿ ಹೇಳಿದೆ. ಅವನು ಏನೋ ಕೇಳಿದ, ಮತ್ತೆ ಹೇಳಿದೆ.

"ಅಯ್ಯ, ಹಿಂಗ್ಯಾಕ ಒದರತೀರೋ ಇಬ್ರೂ," ಎಂದರು ಅಕ್ಕಾರು. "ನಾ ಇಲ್ಲೇ ಅದೀನಲ್ಲ."

ನಾನು ಒದರುತ್ತಿರಲಿಲ್ಲ. ಮಾತಾಡುತ್ತಿದ್ದೆ, ಅಷ್ಟೇ.

ಮಲ್ಲಪ್ಪ ತುತ್ತು ಕೆಳಗಿಟ್ಟ. ನನ್ನನ್ನೇ ನೋಡುತ್ತಾ ಕೂತ. ಅಕ್ಕಾರು ಗೋಡೆಯ ಮೇಲಿನ ತಮ್ಮನ ಫೋಟೋ ಕಡೆ ಒಮ್ಮೆ ನೋಡಿ, ವರ್ಷದಿಂದ ಕೇಳುತ್ತಿದ್ದುದನ್ನೇ ಮತ್ತೆ ಕೇಳಿದರು. ಮಲ್ಲಪ್ಪನ ಹೆಗಲು ಮುಟ್ಟಿ, ತುಟಿ ಕಾಣುವಂತೆ ಕೇಳಿದರು. "ಹಾರ್ನ್ ಕೇಳಲಿಲ್ಲ, ಒಪಗೊಂತೇನಿ. ನಿಮಗ ಕಾಲಿಗೆ ತಿಳೀತೈತಿ ಅಂತೀಯಲ್ಲೋ. ಮತ್ತ್ಯಾಕ ಸರೀಲಿಲ್ಲ ನನ್ನ ತಮ್ಮ?"

"ಕಾಲು ನೆಲದ ಮ್ಯಾಲ ಇರಲಿಲ್ಲಲ್ರಿ ಅಕ್ಕಾರ," ಎಂದ ಮಲ್ಲಪ್ಪ. "ಪೆಡಲ್ ಮ್ಯಾಲ ಇದ್ದೂ."

ಮೂಲೆಯ ಕೊಡದ ನೀರು ನಡುಗುತ್ತಿತ್ತು.

"ಅದಕ್ಕ ನಮ್ಮ ಮಂದಿ ಸೈಕಲ್ ನೂಕ್ಕೊಂತ ಹೋಗೂದ್ರಿ ವೈನಿ. ಹತ್ತಿದ್ರ ನಾವು ಪೂರಾ ಕಿವುಡ್ರು."

ಅವರು ಬೇಕೆಂದು ನಿಂತಿರಲಿಲ್ಲ. ಅಷ್ಟು ದಿನ ಎದೆಯೊಳಗೆ ಸಿಕ್ಕಿಕೊಂಡಿದ್ದ ಗಂಟು ಬಿಚ್ಚಿಕೊಂಡಿತು. ಗೋಡೆಗೆ ತಲೆಯಿಟ್ಟು ಅತ್ತೆ. ಅಳು ನಿಂತ ಮೇಲೆ ಅಕಿವಾಟದ ರಸ್ತೆಯ ಆ ತಂಪು ಮೌನ ನೆನಪಾಯಿತು. ಅಂದು ನನ್ನ ಕಾಲುಗಳೂ ಪೆಡಲಿನ ಮೇಲೇ ಇದ್ದವು.

"ನಾಳಿಂದ ಆ ಸೈಕಲ್ ಹತ್ತಬ್ಯಾಡ. ನಮ್ಮೂರಿಗೆ ನಡಿ," ಎಂದರು ಅಕ್ಕಾರು. ನಾನು ತಲೆಯಾಡಿಸಿದೆ. ಹೌದೆಂದೋ ಇಲ್ಲವೆಂದೋ ಅವರು ಕೇಳಲಿಲ್ಲ.

ಮೊನ್ನೆ ಗುಳೇದಗುಡ್ಡಕ್ಕೆ ಬಂದಿದ್ದೆ. ಇದನ್ನು ಓದುವ ಊರಿನವರೇ, ನಿಮ್ಮಲ್ಲಿ ಕೆಲವರು ನನ್ನನ್ನು ನೋಡಿದ್ದೀರಿ, ಮಾತಾಡಿಸಿದ್ದೀರಿ. ನಾನು ಉತ್ತರ ಕೊಡದೆ ಹೋಗಿದ್ದರೆ ಸೊಕ್ಕು ಎಂದುಕೊಳ್ಳಬೇಡಿ, ನೀವು ನನ್ನ ಹಿಂದೆ ಇದ್ದಿರಬೇಕು. ನನ್ನ ತಮ್ಮನಿಗೆ ಚಹಾ ಬೇಕೇ ಎಂದು ಕೇಳಿದರೆ ಅವನ ಹೆಂಡತಿ ಒಳಗಿನಿಂದ ಓಡಿ ಬಂದಳು, ಅಕ್ಕ ತಮ್ಮ ಜಗಳಕ್ಕೆ ಬಿದ್ದರೆಂದು. ಅಪ್ಪನ ಕುಣಿಮಗ್ಗದ ಹಲಗೆ ಆಡುವುದು ಕಂಡಿತು, ಕೇಳಲಿಲ್ಲ. ಕೊಡದ ನೀರು ಕನ್ನಡಿಯಂತೆ ನಿಂತಿತ್ತು. ಅದರಲ್ಲಿ ನನ್ನ ಮುಖ ನೋಡಲಾಗದೆ ಮರುದಿನವೇ ಹೊರಟು ಬಂದೆ.

ಇಲ್ಲಿ ಮತ್ತೆ ಹಂಗಾಮು ಶುರುವಾಗಿದೆ. ಕೆಲಸ ಬಿಡಲಾಗದು, ಅಷ್ಟು ದೂರ ಕಾಲು ನಡೆಯದು. ಸೈಕಲ್ಲಿಗೆ ಎರಡೂ ಕಡೆ ಕನ್ನಡಿ ಹಾಕಿಸಿದ್ದೇನೆ. ಪಾಳಿ ಬಿಡುವ ಹೊತ್ತಿಗೆ ಓಣಿಯಲ್ಲಿ ಇಳಿದು ನೂಕುತ್ತೇನೆ. ನನ್ನ ಸದ್ದಿಲ್ಲದ ಗಾಡಿ ಅಲ್ಲಿ ನಡೆಯುವ ನೇಕಾರರ ಕಾಲಿಗೂ ತಿಳಿಯುವುದಿಲ್ಲ. ಆಮೇಲೆ ಓಣಿ ಮುಗಿದು ದೊಡ್ಡ ರಸ್ತೆ ಕೂಡುವಲ್ಲಿ, ನನ್ನವರು ಬಿದ್ದ ಜಾಗಕ್ಕೆ ಸ್ವಲ್ಪ ಈಚೆ, ಸೀಟಿನ ಮೇಲೆ ಕೂತೇ ನಿಲ್ಲುತ್ತೇನೆ. ಎಡಗಾಲಿನ ಚಪ್ಪಲಿ ಬಿಟ್ಟು ಬರಿಗಾಲು ಊರುತ್ತೇನೆ. ಮಾಗದ ನಡುಕ ಬೇರೆ, ಗಾಡಿಯ ನಡುಕ ಬೇರೆ, ಬರಬರುತ್ತ ಗುರುತು ಸಿಗುತ್ತದೆ ಎಂದಿದ್ದಾನೆ ಮಲ್ಲಪ್ಪ.

ಒಂದು ಕಾಲು ಪೆಡಲಿನ ಮೇಲೆ, ಒಂದು ಕಾಲು ಈ ಊರಿನ ನೆಲದ ಮೇಲೆ. ನೆಲ ನಡುಗುತ್ತದೆ. ಯಾವುದರ ನಡುಕವೋ, ನನಗಿನ್ನೂ ಗುರುತು ಸಿಕ್ಕಿಲ್ಲ.